ಗಾಜಿನ ಕೆಳಗಿನ ಮನೆ

“ನೀರು ಹಸಿರಾಗಿತ್ತು. ಮೀನು ಒಂದು ಬಂತು. ಅದೂ ನಮ್ಮ ಕಡೆ ತಿರುಗಿ ನೋಡಲಿಲ್ಲ.”

ಸೊಸೆ ಫೋನು ನೋಡಿ ಓದುತ್ತಿದ್ದಳು. ಸಂಜೆ ಊಟಕ್ಕೆ ಕೂತಾಗ, ದೋಣಿ ಹತ್ತಿ ಇಳಿದು ಹೋದ ಪ್ರವಾಸಿಗರು ಏನೇನು ಬರೆದಿದ್ದಾರೆ ಎಂದು ಗಟ್ಟಿಯಾಗಿ ಓದುವುದು ಆ ಮನೆಯ ರೂಢಿ. ಮೊದಲೆಲ್ಲ ಅದನ್ನು ಕೇಳುತ್ತ ಉಂಡರೆ ಅನ್ನಕ್ಕೆ ರುಚಿ ಹೆಚ್ಚುತ್ತಿತ್ತು. ಈಚೆಗೆ ಅನ್ನ ಸಪ್ಪೆಯಾಗತೊಡಗಿತ್ತು.

“ಮುಂದಿಂದು ಓದು,” ಎಂದ ಮಾವ.

“ಬೇಡ ಮಾವ.”

“ಓದಮ್ಮ. ಬೈಸ್ಕೊಳ್ಳೋದು ನನಗೇನು ಹೊಸದಾ? ನಿಮ್ಮತ್ತೆ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನಿ.”

ಅತ್ತೆ ಅನ್ನದ ಪಾತ್ರೆಯಿಂದ ತಲೆ ಎತ್ತಲಿಲ್ಲ. ಹಾಗಾದರೆ ಇನ್ನೊಂದು ಸೌಟು ಬಡಿಸುತ್ತೇನೆ, ಬೈಗುಳ ತಿಂದು ಹೊಟ್ಟೆ ತುಂಬಿದ್ದನ್ನು ನಾನಂತೂ ಕಂಡಿಲ್ಲ ಎಂದಳು. ಸೊಸೆ ನಗು ತಡೆದುಕೊಂಡು ಓದಿದಳು: “ಗಾಜಿನ ತಳದ ದೋಣಿ ಅಂತ ಕರ್ಕೊಂಡು ಹೋದರು. ಗಾಜು ಇತ್ತು, ತಳವೂ ಇತ್ತು. ನೋಡೋಕೆ ಏನೂ ಇರಲಿಲ್ಲ.”

ಸುಳ್ಳೇನಲ್ಲ. ಎರಡು ವರ್ಷದ ಹಿಂದೆ ಪಕ್ಕದ ಬಂದರಿಗೆ ಹೊಸ ತಡೆಗೋಡೆ ಕಟ್ಟಲು ಸಮುದ್ರದ ತಳ ತೋಡತೊಡಗಿದಂದಿನಿಂದ ನೀರಿನಲ್ಲಿ ಸಣ್ಣ ಕೆಸರು ತೇಲುತ್ತಿತ್ತು. ಬಣ್ಣಬಣ್ಣದ ಮೀನುಗಳು ಆಡುತ್ತಿದ್ದ ಬಂಡೆಗಳ ಮೇಲೆ ಈಗ ಹಾಲಿಗೆ ಸೊಪ್ಪಿನ ರಸ ಬೆರೆಸಿದಂಥ ಮಂಜು. ತೀರದುದ್ದಕ್ಕೂ ಪ್ರವಾಸಿಗರನ್ನು ಸುತ್ತಿಸುವ ಬಸ್ಸಿನವನು ದೀಪಸ್ತಂಭ, ಶಂಖಗಳ ಮ್ಯೂಸಿಯಂ, ತೂಗುಸೇತುವೆ ಎಲ್ಲ ತೋರಿಸಿ ಕೊನೆಗೆ ಇವರ ದೋಣಿಯ ಹತ್ತಿರ ನಿಲ್ಲಿಸುತ್ತಿದ್ದ. ಹೀಗೇ ಆದರೆ ಈ ಸೀಸನ್ ಮುಗಿದ ಮೇಲೆ ಇಲ್ಲಿ ನಿಲ್ಲಿಸುವುದಿಲ್ಲ ಎಂದು ಅವನೀಗ ಹೇಳಿಬಿಟ್ಟಿದ್ದ. ಬಸ್ಸು ನಿಲ್ಲದಿದ್ದರೆ ದೋಣಿಯೂ ಇಲ್ಲ, ದೋಣಿಕಟ್ಟೆಯ ಬುಡದ ಟೀ ಅಂಗಡಿಯೂ ಇಲ್ಲ.

ಟೀ ಅಂಗಡಿ ಅತ್ತೆಯದು. ಆ ಮನೆಯಲ್ಲಿ ಅವಳಿಗೆ ಯಜಮಾನಿ ಎಂದೇ ಹೆಸರು. ಗಂಡ ತಮಾಷೆಗೆ ಕರೆದದ್ದು ಊರಿಗೆಲ್ಲ ಅಂಟಿಕೊಂಡಿತ್ತು. ಗಂಡನಿಗೆ ತೀರದವರು ಇಟ್ಟ ಹೆಸರು ಕ್ಯಾಪ್ಟನ್. ಮಂಡಿ ಹಿಡಿದ ಮೇಲೆ ಎಂಜಿನ್ನಿನ ಹತ್ತಿರ ಮಗ ಕೂರುತ್ತಿದ್ದ. ಕ್ಯಾಪ್ಟನ್ ದೋಣಿಯ ನಡುವೆ, ಗಾಜಿನ ಅಂಚಿನಲ್ಲಿ ಕೂತು ಮಾತಾಡುತ್ತಿದ್ದ. ಮಾತಿಗೆ ಮಂಡಿನೋವಿಲ್ಲವಲ್ಲ ಎಂದು ಯಜಮಾನಿ ಹೇಳುವುದಿತ್ತು.

ಬದಲಾವಣೆ ಶುರುವಾದದ್ದು ಒಂದು ಕೆಟಲಿನಿಂದ.

ಅಂಗಡಿಯ ನಲ್ಲಿಯಲ್ಲಿ ನೀರು ಬಾರದ ಒಂದು ದಿನ ಮಗ ಅಮ್ಮನ ಹಳೆಯ ಅಲ್ಯೂಮಿನಿಯಂ ಕೆಟಲನ್ನು ದೋಣಿಯಲ್ಲೇ ತೊಳೆಯಲು ಹೋಗಿ ಕೈಜಾರಿಸಿದ. ದೊಡ್ಡ ಬಂಡೆಯ ಹಿಂದೆ, ಪ್ರವಾಹ ಕೆಸರನ್ನು ಬೇರೆ ಕಡೆ ಒಯ್ದು ನೀರು ತಿಳಿಯಾಗಿ ಉಳಿದಿದ್ದ ಒಂದು ಮಡಿಲಲ್ಲಿ ಅದು ಮುಳುಗಿತು. ಅಲ್ಲಿ ಎರಡಾಳು ಆಳ, ತಳಕ್ಕೆ ಬಿಳಿ ಮರಳು, ಮೀನು ಕಡಿಮೆ. ಹಾಗಾಗಿ ಯಾರೂ ಆ ಕಡೆ ದೋಣಿ ಒಯ್ದದ್ದಿಲ್ಲ. ಮರುದಿನ ಪ್ರವಾಸಿಗರನ್ನು ಕೂರಿಸಿಕೊಂಡೇ, ಕೆಟಲು ಎಲ್ಲಿದೆ ಎಂದು ನೋಡಲು ಮಗ ಅಲ್ಲಿಗೆ ತಿರುಗಿಸಿದ. ಅಲ್ಲಿಯವರೆಗೆ ಮುಖ ಗಂಟು ಹಾಕಿಕೊಂಡು ಕೂತಿದ್ದವರೆಲ್ಲ ಒಮ್ಮೆಲೇ ಗಾಜಿನ ಮೇಲೆ ಬಾಗಿದರು. ಮರಳಿನ ಮೇಲೆ ನೆಟ್ಟಗೆ, ಯಾರೋ ಈಗಷ್ಟೇ ಒಲೆಯಿಂದ ಇಳಿಸಿಟ್ಟ ಹಾಗೆ, ಕೆಟಲು ಕೂತಿತ್ತು. ಅದರ ಮೂತಿಯಿಂದ ಬೆರಳಷ್ಟು ಉದ್ದದ ಒಂದು ಮೀನು ಹೊರಗೆ ಇಣುಕಿ ಒಳಗೆ ಹೋಯಿತು.

“ಯಾರದ್ದು ಇದು?” ಎಂದು ಒಬ್ಬರು ಕೇಳಿದರು.

ಕ್ಯಾಪ್ಟನ್ ಗಾಜಿನ ಮೇಲೆ ಬಾಗಿ, “ಇಲ್ಲೊಂದು ಮನೆ ಇತ್ತು,” ಎಂದ.

ಆ ಸಂಜೆ ಸೊಸೆ ಓದಿದ್ದರಲ್ಲಿ ಬೈಗುಳ ಇರಲಿಲ್ಲ.

ಆಮೇಲೆ ಮನೆಯಲ್ಲಿ ಸಾಮಾನು ಕಾಣೆಯಾಗತೊಡಗಿದವು. ಹಿತ್ತಿಲಲ್ಲಿದ್ದ ಕಬ್ಬಿಣದ ಕುರ್ಚಿ ಬೆಸುಗೆಗೆ ಹೋಗಿದೆ ಎಂದರು. ಗೋಡೆಗೊರಗಿದ್ದ ನಿಲುವುಗನ್ನಡಿಯ ಚೌಕಟ್ಟಿಗೆ ಗೆದ್ದಲು ಹಿಡಿದಿತ್ತು, ಬಡಗಿಗೆ ಕೊಟ್ಟಿದ್ದೇವೆ ಎಂದರು. ಕೆಂಪು ತಗಡಿನ ಟ್ರಂಕು, ನಿಂತುಹೋದ ಗಡಿಯಾರ, ಅಡುಗೆಮನೆಯ ಮರದ ಸ್ಟೂಲು ಇವಕ್ಕೆ ಯಾರೂ ಏನೂ ಹೇಳಲಿಲ್ಲ. ಯಜಮಾನಿ ಬಗ್ಗಿ ಎದ್ದು ಎಲ್ಲ ಮೂಲೆ ಹುಡುಕಿದಳು. ಇಟ್ಟದ್ದು ಇಟ್ಟಲ್ಲಿ ಇರುವ ಮನೆ ಅವಳದು. ಕತ್ತಲಲ್ಲಿ ಕೈಹಾಕಿದರೂ ಉಪ್ಪಿನ ಡಬ್ಬಿ ಸಿಗಬೇಕು. ತನಗೇ ಅರಳುಮರಳು ಶುರುವಾಯಿತೇನೋ ಎಂದು ಹೆದರಿ, ಯಾರಿಗೂ ಹೇಳದೆ, ಬೆಳಗ್ಗೆ ಎದ್ದ ಕೂಡಲೇ ಪಾತ್ರೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುವ ಅಭ್ಯಾಸ ಮಾಡಿಕೊಂಡಳು.

ಸತ್ಯ ಹೇಳಿದ್ದು ಸ್ಟೂಲು. ಮರದ್ದಲ್ಲವೇ, ನೀರಿನಡಿ ಎಷ್ಟು ದಿನ ಕೂತೀತು? ಒಂದು ಬೆಳಗ್ಗೆ ಅವಳು ಅಂಗಡಿ ತೆರೆಯಲು ಹೋದಾಗ ಅದು ನೀರಂಚಿನಲ್ಲಿ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು. ಮೈತುಂಬ ಪಾಚಿ, ಒಂದು ಕಾಲಿಗೆ ಹರಿದ ಹಗ್ಗದ ತುದಿ. ಅವಳು ಅದನ್ನು ಹೊತ್ತು ತಂದು, ಎಲ್ಲರೂ ತಿಂಡಿಗೆ ಕೂತಿದ್ದ ನಡುಮನೆಯಲ್ಲಿ ಇಟ್ಟಳು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೂ ಬ್ರೆಡ್ಡು ಮುರಿಯಲಿಲ್ಲ.

“ಸ್ನಾನಕ್ಕೆ ಹೋಗಿತ್ತಾ ಇದು?” ಎಂದು ಕೇಳಿದಳು.

ಮಗ ಅಪ್ಪನ ಮುಖ ನೋಡಿದ, ಅಪ್ಪ ಸೊಸೆಯ ಮುಖ ನೋಡಿದ. ಸೊಸೆಯೇ ಎಲ್ಲ ಬಾಯಿಬಿಟ್ಟಳು. ಬಸ್ಸಿನವನು ಈಗ ಮೊದಲು ಇಲ್ಲಿಗೇ ಬರುತ್ತಾನೆ, ಜನ ಮುಳುಗಿದ ಮನೆ ನೋಡಲು ಸಾಲು ನಿಲ್ಲುತ್ತಾರೆ, ಹೇಳಿದರೆ ನೀವು ಬೈಯುತ್ತೀರಿ ಎಂದು ಹೆದರಿದೆವು ಎಂದಳು. ಯಜಮಾನಿ ನಿಜಕ್ಕೂ ಬೈದಳು, ಆದರೆ ಅವರು ಅಂದುಕೊಂಡ ಕಾರಣಕ್ಕಲ್ಲ. “ತಗೊಂಡ್ರಿ, ಸರಿ. ಕೇಳಿ ತಗೊಳ್ಳೋಕೆ ಬಾಯಿಗೇನಾಗಿತ್ತು? ನನಗೆ ತಲೆ ಕೆಟ್ಟಿತು ಅಂತ ನಾನೇ ನಂಬೋ ಹಾಗೆ ಮಾಡಿಬಿಟ್ರಲ್ಲ.” ಅಷ್ಟು ಹೇಳುವಷ್ಟರಲ್ಲಿ ಅವಳ ಕೋಪ ನೆತ್ತಿಯಿಂದ ಇಳಿಯುತ್ತ ಬಂತು; ಕೊನೆಗೆ ಕಪಾಟಿನಿಂದ ಎರಡು ಪಿಂಗಾಣಿ ಕಪ್ಪು ತೆಗೆದು ಮಗನ ಮುಂದಿಟ್ಟಳು. ಕೆಟಲು ಇಟ್ಟು ಕಪ್ಪು ಇಡದ ಮನೆ ಯಾವುದು ಎಂದು ಅವಳ ವಾದ.

ಕೆಲವು ವಾರ ಚೆನ್ನಾಗಿಯೇ ನಡೆಯಿತು. ಸೊಸೆ ಓದುತ್ತಿದ್ದಳು: “ಅಲ್ಲಿ ಸದ್ದೇ ಇಲ್ಲ. ಕುರ್ಚಿ ಮೇಲೆ ಯಾರೋ ಈಗಷ್ಟೇ ಕೂತು ಎದ್ದು ಹೋದ ಹಾಗಿತ್ತು.” ಇನ್ನೊಬ್ಬರು ಬರೆದಿದ್ದರು: “ಕನ್ನಡಿಯಲ್ಲಿ ಒಂದು ಮುಖ ಕಂಡೆ. ಯಾರಿಗೂ ಹೇಳಲಿಲ್ಲ.” ಮಗ ಪ್ರತಿ ವಾರ ಮುಳುಗಿ, ಸ್ಟೂಲಿಗೆ ಹೊಸ ಹಗ್ಗ ಕಟ್ಟಿ, ಅಲೆ ಸರಿಸಿದ್ದನ್ನು ಹಾಗೂ ಹೀಗೂ ಇದ್ದಲ್ಲಿಗೆ ತಂದು ಬರುತ್ತಿದ್ದ. ಯಜಮಾನಿ ಮಾತ್ರ ನೋಡಲು ಹೋಗಲಿಲ್ಲ. ಅಂಗಡಿ ಯಾರು ನೋಡಿಕೊಳ್ಳುತ್ತಾರೆ?

ಆಮೇಲೆ ಹೂವು ಬರತೊಡಗಿದವು. ಬೆಳಗ್ಗೆ ಅಂಗಡಿಯ ಮುಂದೆ, ನೀರು ಮುಟ್ಟಿ ಹಿಂದೆ ಸರಿದ ಗೆರೆಯ ಮೇಲೆ, ಬಾಡಿದ ಹೂವುಗಳು. ಯಾರೋ ಎಸೆದಿರಬೇಕೆಂದು ಅವಳು ಗುಡಿಸಿ ಹಾಕುತ್ತಿದ್ದಳು. ಒಂದು ಮಧ್ಯಾಹ್ನ ದೋಣಿಯಿಂದ ಇಳಿದ ಒಬ್ಬ ಹೆಂಗಸು ಟೀ ಕೇಳಿ, ಅದು ಕುದಿಯುವವರೆಗೂ ಕಣ್ಣೊರೆಸಿಕೊಳ್ಳುತ್ತ ನಿಂತಳು.

ಏನಾಯಿತಮ್ಮ ಎಂದು ಯಜಮಾನಿ ವಿಚಾರಿಸಿದಳು. ಆ ಹೆಂಗಸು ಕಥೆ ಹೇಳಿದಳು. ಕಡಲು ಉಕ್ಕಿ ಬಂದ ದಿನ ಗಂಡ ದೋಣಿ ಬಿಚ್ಚಿ, ಬಾ ಬಾ ಎಂದು ಕೂಗಿದನಂತೆ. ಒಲೆ ಮೇಲೆ ಟೀ ಇದೆ, ಆರಿಸಿ ಬರ್ತೀನಿ ಎಂದು ಹೆಂಡತಿ ಒಳಗೆ ಹೋದಳಂತೆ. ಹೋದವಳು ಬರಲಿಲ್ಲ. ಅಂದಿನಿಂದ ಅವನು ದಿನಾ ಅಲ್ಲಿಗೆ ದೋಣಿ ಒಯ್ದು, ಗಾಜಿನಲ್ಲಿ ಹುಡುಕುತ್ತಾನೆ.

“ದೋಣಿಯಲ್ಲಿ ಕಥೆ ಹೇಳೋ ಅಜ್ಜನೇ ಅಂತೆ ಆ ಗಂಡ,” ಎಂದಳು ಆ ಹೆಂಗಸು. “ಪಾಪ, ಹೇಗೆ ಬದುಕಿದಾರೋ.”

“ಅವರ ಹೆಂಡತಿ?”

“ಸಿಗಲೇ ಇಲ್ಲವಂತೆ. ಅವರಿಗೆ ಅಂತಲೇ ಎಲ್ಲರೂ ನೀರಿಗೆ ಹೂವು ಹಾಕ್ತಾರೆ.”

ಯಜಮಾನಿ ಆ ಟೀಗೆ ಸಕ್ಕರೆ ಹಾಕುವುದನ್ನು ಮರೆತಿದ್ದಳು, ಕುಡಿದವಳೂ ಗಮನಿಸಲಿಲ್ಲ. ಆ ದಿನ ಅವಳು ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿದಳು. ಸಂಜೆ ಮೂವರೂ ಬಂದಾಗ ಒಲೆ ತಣ್ಣಗಿತ್ತು, ಯಜಮಾನಿ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದಳು.

“ಹುಷಾರಿಲ್ವಾ ಅತ್ತೆ?”

“ಮುಳುಗಿದವಳು ಅಡುಗೆ ಮಾಡಲ್ಲಮ್ಮ,” ಎಂದಳು. “ನಿಮ್ಮ ಮಾವನಿಗೆ ಹೇಳು. ನನ್ನ ಹೂವು ನಾನೇ ಗುಡಿಸಿದೀನಿ. ಅಷ್ಟು ಮಾಡಿದ್ದೇ ಹೆಚ್ಚು.”

ಕ್ಯಾಪ್ಟನ್ನಿನ ಮುಖ ಬಿಳಿಚಿಕೊಂಡಿತು. ಅವನು ಚಪ್ಪಲಿ ಹಾಕಿಕೊಂಡು ಹೊರಗೆ ಹೋದ.

ಹಾಗೆ ಶುರುವಾದದ್ದು ಒಂದು ದಿನಕ್ಕೆ ಮುಗಿಯಲಿಲ್ಲ. ಯಜಮಾನಿ ಗಂಡನ ಜೊತೆ ಮಾತು ಬಿಟ್ಟಳು. ಒಲೆ ಹಚ್ಚಲಿಲ್ಲ, ಅಂಗಡಿ ತೆರೆಯಲಿಲ್ಲ. ಅನ್ನ ಸೊಸೆ ಮಾಡಿದರೆ ಮುದ್ದೆ, ಮಗ ಮಾಡಿದರೆ ಕರಿ. ಬೇಯಿಸಿದ ಮೊಟ್ಟೆ, ಬ್ರೆಡ್ಡು, ಮತ್ತೆ ಬೇಯಿಸಿದ ಮೊಟ್ಟೆ. ಕ್ಯಾಪ್ಟನ್ ಉಪ್ಪು ಬೇಕಾದರೂ ಸೊಸೆಯ ಕಡೆ ತಿರುಗಿ, “ನಿಮ್ಮತ್ತೇನ ಕೇಳು, ಉಪ್ಪೆಲ್ಲಿದೆ ಅಂತ,” ಎನ್ನುತ್ತಿದ್ದ. “ಸಮುದ್ರದ ತುಂಬ ಇದೆ ಅನ್ನು,” ಎಂದು ಇವಳು ಗೋಡೆಗೆ ಹೇಳುತ್ತಿದ್ದಳು.

ಮಗ ರಾಜಿಗೆ ಬಂದ.

“ಅಮ್ಮ, ಅದು ಬರೀ ಕಥೆ.”

“ಕಥೆ ತಾನೆ, ನೀನು ಮುಳುಗು. ನಿಮ್ಮಪ್ಪ ಮುಳುಗಲಿ. ನಾನೇ ಯಾಕೆ?”

“ಅಪ್ಪ ಮುಳುಗಿದ್ರೆ ಕಥೆ ಹೇಳೋರು ಯಾರು?”

“ನೋಡು. ಮುಳುಗಿದವಳು ನಾನು. ಜನ ಅಳೋದು ಮಾತ್ರ ಅವರಿಗೆ.”

ಮಗನಿಗೆ ನಗು ಬಂತು, ಅಮ್ಮನ ಮುಖ ನೋಡಿ ನುಂಗಿಕೊಂಡ. ಅವಳಿಗೆ ಬೇಕಾದದ್ದು ಒಂದೇ. ಅದೇ ದೋಣಿಯ ಮೇಲೆ, ಅದೇ ಜನರ ಮುಂದೆ, ಅದೇ ಬಾಯಿಂದ ತನ್ನ ಹೆಂಡತಿ ಬದುಕಿದ್ದಾಳೆ ಎಂದು ಅವನು ಹೇಳಬೇಕು. ಹೇಳಿದ ದಿನ ಒಲೆ ಹಚ್ಚುತ್ತಾಳೆ. ಮಗ ತಲೆ ಕೆರೆದುಕೊಂಡ. ಬಸ್ಸಿನವನು ಮುಂದಿನ ಸೀಸನ್ನಿಗೂ ಇವರನ್ನೇ ಇಟ್ಟುಕೊಳ್ಳುವ ಮಾತಾಡುತ್ತಿದ್ದ; ಮುಳುಗಿದವಳು ದಡದಲ್ಲಿ ಟೀ ಮಾರುತ್ತಾಳೆ ಎಂದರೆ ಯಾರು ದುಡ್ಡು ಕೊಟ್ಟು ಕುರ್ಚಿ ನೋಡಲು ಬರುತ್ತಾರೆ ಎಂದ ಮಗ. ದೋಣಿ ನಿಂತರೆ ಮನೆ ನಿಲ್ಲುವುದಿಲ್ಲ ಎಂದು ಯಜಮಾನಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ಬೆಂಚಿನ ಮೇಲೆ ಕೂತು ಬೆನ್ನು ನೋಯುತ್ತಿದ್ದರೂ ಅವಳಿಗೆ ಏಳಲೂ ಆಗುತ್ತಿರಲಿಲ್ಲ, ನಿಶ್ಚಿಂತೆಯಿಂದ ಕೂರಲೂ ಆಗುತ್ತಿರಲಿಲ್ಲ.

ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಅದು ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಮಡಿಕೆಯಿಲ್ಲದೆ ಹರಡಿಕೊಂಡಿರುತ್ತಿತ್ತು. ನೋಡುತ್ತ ನೋಡುತ್ತ ಅವಳಿಗೆ ಜೊಂಪು ಹತ್ತುತ್ತಿತ್ತು. ಆ ಜೊಂಪಿನಲ್ಲಿ ಅವಳು ಆ ಇನ್ನೊಂದು ಮನೆಯಲ್ಲಿ ಓಡಾಡುತ್ತಿದ್ದಳು. ಅಲ್ಲಿ ನೆಲ ಗುಡಿಸಿದರೆ ಧೂಳು ಮೇಲೆದ್ದು, ಇಳಿಯಲು ಅವಸರವಿಲ್ಲದೆ ತೇಲುತ್ತಿತ್ತು. ಕೆಟಲು ಬಗ್ಗಿಸಿದರೆ ಏನೂ ಸುರಿಯುತ್ತಿರಲಿಲ್ಲ. ಬಾಗಿಲಲ್ಲಿ ಯಾರೋ ಬಾ ಬಾ ಎಂದು ಕೂಗುತ್ತಿದ್ದರು, ಅದು ಮಾತ್ರ ಬಹಳ ದೂರದಿಂದ ಕೇಳುತ್ತಿತ್ತು.

ಒಂದು ಸಂಜೆ ಸೊಸೆ ಬಟಾಣಿ ಸುಲಿಯುತ್ತ ಅವಳ ಪಕ್ಕ ಬಂದು ಕೂತಳು.

“ಮಾವನ್ನ ಕೇಳಿದೆ ಅತ್ತೆ. ಯಾಕೆ ಮುಳುಗಿಸಿದ್ರಿ ಅಂತ.”

“ನಾನು ಕೇಳಿಲ್ಲ.”

“ಮನೆಯವಳು ಎಲ್ಲಿ ಹೋದಳು ಅಂತ ಒಬ್ಬರು ಕೇಳಿದರಂತೆ. ಬಿಟ್ಟು ಹೋದಳು ಅನ್ನೋಣ ಅಂತ ಹೊರಟರಂತೆ. ಅದು ಬಾಯಿಂದ ಹೊರಡಲೇ ಇಲ್ಲವಂತೆ. ನಮ್ಮವಳು ನನ್ನನ್ನ ಬಿಟ್ಟು ಹೋದಳು ಅಂತ ಸುಳ್ಳಿಗಾದರೂ ಹೆಂಗಮ್ಮ ಹೇಳಲಿ, ಅಂದರು.”

ಯಜಮಾನಿ ಒಂದು ಹಿಡಿ ಬಟಾಣಿ ತನ್ನ ಮಡಿಲಿಗೆ ಎಳೆದುಕೊಂಡು ಸುಲಿಯತೊಡಗಿದಳು. “ಮುಳುಗಿದಳು ಅನ್ನೋಕೆ ಬಾಯಿ ಬಂತಲ್ಲ,” ಎಂದಳು. ಆದರೆ ದನಿಯಲ್ಲಿ ಮೊದಲಿನ ಖಾರವಿರಲಿಲ್ಲ. ಬಟ್ಟಲು ತುಂಬುವ ಹೊತ್ತಿಗೆ, ನಾಳೆ ಮೊದಲ ದೋಣಿ ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಬೆಳಗ್ಗೆ ಬಸ್ಸಿನಿಂದ ಇಳಿದವರ ಸಾಲಿನ ಕೊನೆಗೆ, ತಲೆಗೆ ಬಟ್ಟೆ ಸುತ್ತಿಕೊಂಡು ಅವಳೂ ನಿಂತಳು. ಸೊಸೆ ಟಿಕೆಟು ಹರಿದು ಕೊಡುವಾಗ ಕಣ್ಣೆತ್ತಲಿಲ್ಲ. ಎಂಜಿನ್ನಿನ ಹತ್ತಿರ ಕೂತಿದ್ದ ಮಗ ಅಮ್ಮನನ್ನು ಕಂಡು, ಹಗ್ಗ ಬಿಚ್ಚುವುದನ್ನು ಮರೆತು ಎಂಜಿನ್ ಓಡಿಸಿದ. ದೋಣಿ ಇದ್ದಲ್ಲೇ ಜಗ್ಗಾಡಿತು. ಕ್ಯಾಪ್ಟನ್ ಯಾರನ್ನೂ ನೋಡಲಿಲ್ಲ. ಅವನ ಕಣ್ಣು ಆಗಲೇ ಗಾಜಿನ ಮೇಲಿತ್ತು.

ಮೊದಲು ಹಸಿರು ಮಬ್ಬು ಬಂತು. ಅದರಲ್ಲಿ ಏನೂ ಇರಲಿಲ್ಲ, ಆದರೂ ಎಲ್ಲರೂ ಬಾಗಿ ನೋಡುತ್ತಿದ್ದರು. ಬಂಡೆ ದಾಟಿದ್ದೇ ಯಾರೋ ಪರದೆ ಸರಿಸಿದ ಹಾಗೆ ನೀರು ತಿಳಿಯಾಯಿತು. ಮಗ ಎಂಜಿನ್ ಆರಿಸಿದ. ದೋಣಿ ತೇಲುತ್ತ ಮುಂದೆ ಸರಿಯಿತು, ಅದರ ನೆರಳು ಮರಳಿನ ಮೇಲೆ ಜೊತೆಗೇ ಸರಿಯಿತು. ಬಿಸಿಲಿನ ಬಲೆಗಳು ತಳದಲ್ಲಿ ಹಿಗ್ಗುತ್ತ ಕುಗ್ಗುತ್ತ ಇದ್ದವು.

ಅಲ್ಲಿ ಅವಳ ಮನೆ ಇತ್ತು.

ನೀರಿನೊಳಗಿನದು ಇರುವುದಕ್ಕಿಂತ ಹತ್ತಿರ, ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕೈ ಚಾಚಿದರೆ ಕುರ್ಚಿಯ ತೋಳು ಸಿಗುವ ಹಾಗಿತ್ತು. ಕೆಂಪು ಟ್ರಂಕು ಮಂಕಾಗಿ, ಹಣ್ಣಾದ ಎಲೆಯ ಬಣ್ಣಕ್ಕೆ ತಿರುಗಿತ್ತು. ಗಡಿಯಾರದ ಮುಖದ ಮೇಲೆ ಒಂದು ಏಡಿ, ಹೊತ್ತು ನೋಡಿಕೊಂಡು ಹೊರಟಂತೆ, ಅಡ್ಡಡ್ಡ ನಡೆಯಿತು. ಎರಡು ಕಪ್ಪುಗಳು ಕೆಟಲಿನ ಎದುರು ಕೂತು ಕಾಯುತ್ತಿದ್ದವು. ಎಲ್ಲವೂ ಅವಳು ತಿಕ್ಕಿ ತೊಳೆದು, ಎತ್ತಿ ಇಟ್ಟು, ಬೈದು ಬಳಸಿದ ಸಾಮಾನು. ಯಾವುದೂ ಇಷ್ಟು ಚೆಂದವಿತ್ತು ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಕೋಪವನ್ನು ಮರೆತಳು. ಪಕ್ಕದಲ್ಲಿ ಯಾರೋ ಉಸಿರು ಬಿಟ್ಟದ್ದು ಕೇಳಿದಾಗ, ತಾನೂ ಉಸಿರು ಬಿಗಿಹಿಡಿದಿದ್ದೇನೆ ಎಂದು ತಿಳಿಯಿತು.

ಕ್ಯಾಪ್ಟನ್ ಶುರುಮಾಡಿದ. ಮನೆಯಲ್ಲಿ ಕೇಳಿ ಕೇಳಿ ಸಾಕಾದ ದನಿ ಅದು. ಇಲ್ಲಿ ನೀರ ಮೇಲೆ ಬೇರೆಯಾಗಿತ್ತು, ತಗ್ಗಿತ್ತು. ಇಲ್ಲೊಂದು ಮನೆ ಇತ್ತು ಎಂದ. ಆ ಮನೆಯಲ್ಲಿ ಇಟ್ಟದ್ದು ಇಟ್ಟಲ್ಲೇ ಇರುತ್ತಿತ್ತು, ಕತ್ತಲಲ್ಲಿ ಕೈಹಾಕಿದರೂ ಉಪ್ಪಿನ ಡಬ್ಬಿ ಸಿಗುತ್ತಿತ್ತು ಎಂದ. ಯಜಮಾನಿ ತಲೆಗೆ ಸುತ್ತಿದ ಬಟ್ಟೆಯನ್ನು ಹಿಂದಕ್ಕೆ ಸರಿಸಿದಳು. ಕಡಲು ಉಕ್ಕಿತು, ಗಂಡ ಕೂಗಿದ ಎಂದ. “ಒಲೆ ಮೇಲೆ ಟೀ ಇದೆ ಅಂದಳು. ಆರಿಸಿ ಬರ್ತೀನಿ ಅಂದಳು…”

ದೋಣಿ ಕನ್ನಡಿಯ ಮೇಲೆ ಬಂದಿತ್ತು. ಕನ್ನಡಿ ಮರಳಿನಲ್ಲಿ ಮೇಲ್ಮುಖವಾಗಿ ಮಲಗಿ, ಪಾಚಿಯ ನಡುವೆ ಉಳಿದ ಒಂದು ಗೇಣು ಜಾಗದಲ್ಲಿ ದೋಣಿಯ ಕಪ್ಪು ತಳವನ್ನೂ ಅದರ ನಡುವಿನ ಬೆಳಕಿನ ಚೌಕವನ್ನೂ ತೋರಿಸುತ್ತಿತ್ತು. ಆ ಚೌಕದಲ್ಲಿ ಕ್ಯಾಪ್ಟನ್ನಿಗೆ ಒಂದು ಮುಖ ಕಂಡಿತು. ಸಣ್ಣದು, ಮಸುಕು, ಬಿಳಿಕೂದಲಿನದು. ಅವನ ಮಾತು ಅಲ್ಲೇ ನಿಂತಿತು.

ಅವನು ತಲೆ ಎತ್ತಲಿಲ್ಲ. ಕನ್ನಡಿಯನ್ನೇ ನೋಡುತ್ತಿದ್ದ. ಕನ್ನಡಿಯೊಳಗಿಂದ ಅವಳೂ ಅವನನ್ನು ನೋಡಿದಳು. ಅವನ ಗಡ್ಡ ಎರಡು ದಿನದಿಂದ ಬೋಳಿಸಿದ್ದಲ್ಲ ಎಂಬುದು ಅಷ್ಟು ಆಳದಿಂದಲೂ ಅವಳಿಗೆ ಕಂಡಿತು.

“ಆಮೇಲೆ?” ಎಂದಳು ಒಬ್ಬ ಹುಡುಗಿ.

ನೀರು ದೋಣಿಯ ಪಕ್ಕೆಗೆ ತಟ್ಟುತ್ತಿತ್ತು. ಎಂಜಿನ್ನಿನ ಹತ್ತಿರ ಮಗ ಉಗುರು ಕಚ್ಚುತ್ತಿದ್ದ.

“ಆಮೇಲೆ ಸಿಕ್ಕಿದಳು,” ಎಂದ ಕ್ಯಾಪ್ಟನ್.

“ಎಲ್ಲಿ?”

“ಇಲ್ಲೇ.”

ಯಜಮಾನಿ ಕೆಮ್ಮಿ ಗಂಟಲು ಸರಿಮಾಡಿಕೊಂಡಳು. “ಸ್ಟೂಲು ಸೊಟ್ಟಗಿದೆ,” ಎಂದಳು. “ಕನ್ನಡಿ ತುಂಬ ಪಾಚಿ. ಒರೆಸೋರು ಯಾರೂ ಇಲ್ವಾ ಈ ಮನೇಲಿ?”

ಎಲ್ಲರೂ ತಿರುಗಿದರು. ಒಬ್ಬ ಗಂಡಸು ನಾಲ್ಕು ಬೆರಳಷ್ಟು ಹಿಂದೆ ಸರಿದ. ನೀವು ಯಾರು ಎಂದು ಆ ಹುಡುಗಿ ಕೇಳಿದಾಗ, ಯಜಮಾನಿ ಗಾಜಿನ ಕಡೆ ಗಲ್ಲ ತೋರಿಸಿ, ಆ ಮನೆಯವಳು ಎಂದಳು. ಹುಡುಗಿ ಮೆಲ್ಲಗೆ ಅವಳ ಮಣಿಕಟ್ಟು ಮುಟ್ಟಿ ನೋಡಿ, “ಬೆಚ್ಚಗಿದೆ,” ಎಂದು ಉಳಿದವರಿಗೆ ಹೇಳಿದಳು.

ಹಿಂದೆ ಸರಿದ ಗಂಡಸಿಗೆ ಅನುಮಾನ. ಇದೂ ಟೂರಿನಲ್ಲಿ ಸೇರಿದೆಯಾ ಎಂದು ಮಗನನ್ನು ಕೇಳಿದ.

“ಇವತ್ತಿಂದ,” ಎಂದ ಮಗ.

ಆ ದಿನ ದಡಕ್ಕೆ ಬಂದ ಮೇಲೆ ಯಾರೂ ಬಸ್ಸು ಹತ್ತಲು ಅವಸರ ಮಾಡಲಿಲ್ಲ. ಯಜಮಾನಿ ಅಂಗಡಿ ತೆರೆದು, ಬಾಗಿಲ ಹಲಗೆ ಸರಿಸಿ, ಒಲೆ ಹಚ್ಚಿದಳು. ಜನ ಲೋಟ ಹಿಡಿದು ಅವಳ ಸುತ್ತ ನಿಂತು, ಅಲ್ಲಿ ಕೆಳಗೆ ಚಳಿಯಾಗುತ್ತಿತ್ತಾ ಎಂದು ಕೇಳಿದರು. ಅವಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನಾವೀಗ ಮೇಲೆ ಇದೀವಿ ಎಂದಷ್ಟೇ ಹೇಳಿದಳು. ಬಸ್ಸಿನವನು ಎರಡು ಸಲ ಹಾರ್ನ್ ಹೊಡೆದ, ಮೂರನೆಯ ಸಲಕ್ಕೆ ತಾನೇ ಇಳಿದು ಬಂದು ಒಂದು ಟೀ ಕೇಳಿದ. ಮುಂದಿನ ಸೀಸನ್ನಿನ ಮಾತು ಅವನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ.

ಸಂಜೆ ಅನ್ನ ಬಿಡಿಬಿಡಿಯಾಗಿತ್ತು. ಬೇಳೆಯ ಜೊತೆ ಹುರಿದ ಮೀನು. ಕ್ಯಾಪ್ಟನ್ ಗಡ್ಡ ಬೋಳಿಸಿಕೊಂಡು ಬಂದು ಕೂತು, ಸೊಸೆಯ ಕಡೆ ತಿರುಗಿ, “ನಿಮ್ಮತ್ತೇನ ಕೇಳು…” ಎಂದು ಶುರುಮಾಡಿದ.

“ನನ್ನನ್ನೇ ಕೇಳಿ,” ಎಂದಳು ಯಜಮಾನಿ.

ಅವನು ಏನು ಕೇಳಬೇಕೆಂದಿದ್ದನೋ ಮರೆತ. ತಟ್ಟೆ ನೋಡಿ, “ಉಪ್ಪು,” ಎಂದ. ಅವಳು ಹಿಂದಕ್ಕೆ ನೋಡದೆ ಕೈ ಚಾಚಿ ಡಬ್ಬಿ ತೆಗೆದು ಅವನ ಮುಂದಿಟ್ಟಳು.

ಫೋನಿನಲ್ಲಿ ಏನು ಬಂದಿದೆ ಎಂದು ಆ ಸಂಜೆ ಯಾರೂ ಓದಿಸಲಿಲ್ಲ. ಊಟ ಮುಗಿದ ಮೇಲೆ ಯಜಮಾನಿ ಒಂದು ಹಳೆಯ ಮೆತ್ತನೆ ಬಟ್ಟೆ ಹುಡುಕಿ, ನಾಲ್ಕು ಮಡಿಕೆ ಮಾಡಿ, ಬೆಳಗ್ಗೆ ನೀರಿಗಿಳಿಯಲಿದ್ದ ಮಗನ ಕೈಗೆ ಕೊಟ್ಟಳು.

“ಕನ್ನಡಿ ಮೊದಲು ಒರೆಸು, ಆಮೇಲೆ ಕೆಟಲು. ಸ್ಟೂಲು ಒಲೆಯಿಂದ ದೂರ ಇಡು, ಕಾಲಿಗೆ ತಾಗತ್ತೆ. ಒರೆಸಿದ ಬಟ್ಟೆ ಅಲ್ಲೇ ಬಿಟ್ಟು ಬರಬೇಡ.”